ಔಷಧಿ ಚೀಟಿಗೆ ಯಾರ ಸಹಿ? ಅಮೆರಿಕದಲ್ಲಿ ನರ್ಸ್ ಪ್ರಾಕ್ಟೀಷನರ್ ಆಗುವವರು ರಾಜ್ಯ ಆರಿಸಿಕೊಳ್ಳುವ ಬಗೆ

ಟೆಕ್ಸಾಸ್‌ನಲ್ಲಿ ನರ್ಸ್ ಪ್ರಾಕ್ಟೀಷನರ್ (ಎನ್‌ಪಿ), ಅಂದರೆ ಹೆಚ್ಚಿನ ಓದು ಮುಗಿಸಿ ರೋಗ ಗುರುತಿಸಿ ಔಷಧಿ ಬರೆಯುವ ನರ್ಸ್, ಆಗಿ ಕೆಲಸಕ್ಕೆ ಸೇರಿ ಎರಡನೇ ವರ್ಷ. ಒಂದು ಸೋಮವಾರ ಬೆಳಿಗ್ಗೆ ಕ್ಲಿನಿಕ್‌ಗೆ ಹೋದರೆ ಮ್ಯಾನೇಜರ್ ಬಾಗಿಲಲ್ಲೇ ಕಾಯುತ್ತಿದ್ದರು. ಅಲ್ಲಿ ಔಷಧಿ ಬರೆಯಲು ಎನ್‌ಪಿಗೆ ಡಾಕ್ಟರೊಬ್ಬರ ಜೊತೆ ಲಿಖಿತ ಒಪ್ಪಂದ ಬೇಕು. ನನ್ನ ಒಪ್ಪಂದಕ್ಕೆ ಸಹಿ ಹಾಕಿದ್ದ ಡಾಕ್ಟರು ಶುಕ್ರವಾರವೇ ಕೆಲಸ ಬಿಟ್ಟು ಹೋಗಿದ್ದರು. ಅವರಿಲ್ಲದಾಗ ಯಾರು ಎಂದು ಬದಲಿ ಡಾಕ್ಟರ ಹೆಸರನ್ನು ಒಪ್ಪಂದದಲ್ಲಿ ಯಾರೂ ಬರೆದಿರಲಿಲ್ಲ. ಹಿಂದಿನ ವಾರದವರೆಗೆ ಬಿಪಿ ಮಾತ್ರೆ, ಶುಗರ್ ಮಾತ್ರೆ, ಮಕ್ಕಳ ಕೆಮ್ಮಿಗೆ ಔಷಧಿ ಎಲ್ಲ ಬರೆದುಕೊಡುತ್ತಿದ್ದ ನಾನು ಆವತ್ತು ಒಂದು ಚೀಟಿಯನ್ನೂ ಬರೆಯುವ ಹಾಗಿರಲಿಲ್ಲ. ನನ್ನ ಓದು ಅದೇ, ಪರವಾನಗಿ ಅದೇ, ರೋಗಿಗಳೂ ಅವರೇ. ಇಲ್ಲದಿದ್ದದ್ದು ಇನ್ನೊಬ್ಬರ ಸಹಿ ಮಾತ್ರ. ಹೊಸ ಡಾಕ್ಟರು ಸಿಗುವವರೆಗೆ ಮಾತ್ರೆ ಮುಗಿಯುತ್ತಾ ಬಂದವರನ್ನೆಲ್ಲ ಬೇರೆ ಕಡೆ ಕಳಿಸಿದೆವು. ಕಾರಿಲ್ಲದ ಒಬ್ಬ ಅಜ್ಜ ಎಲ್ಲಿಗೂ ಹೋಗಲಿಲ್ಲ. ಮಾತ್ರೆ ನಿಂತು, ಬಿಪಿ ಏರಿ, ಎಮರ್ಜೆನ್ಸಿಗೆ ದಾಖಲಾದರು ಎಂದು ಆಮೇಲೆ ಗೊತ್ತಾಯಿತು.

ಈಗ ನಾನಿರುವುದು ಅರಿಜೋನಾದಲ್ಲಿ. ಬೆಂಗಳೂರು, ಮಂಗಳೂರಿನ ಕಾಲೇಜುಗಳಲ್ಲಿ ನರ್ಸಿಂಗ್ ಓದಿ ಬಂದು, ಇಲ್ಲಿ ಆರ್‌ಎನ್ (ನೋಂದಾಯಿತ ನರ್ಸ್) ಆಗಿ, ಎನ್‌ಪಿ ಕೋರ್ಸ್ ಮುಗಿಸುತ್ತಿರುವ ಹುಡುಗಿಯರು ಆಗಾಗ ಫೋನ್ ಮಾಡುತ್ತಾರೆ. "ಅಕ್ಕಾ, ಡಿಸೆಂಬರ್‌ಗೆ ಮುಗಿಯುತ್ತೆ, ಯಾವ ಸ್ಟೇಟ್ ಒಳ್ಳೇದು?" ಅಂತ. ಸಂಬಳ ಎಷ್ಟು, ಮನೆ ಬಾಡಿಗೆ ಎಷ್ಟು, ಕನ್ನಡ ಕೂಟ ಇದೆಯಾ ಎಂದೆಲ್ಲ ಅವರು ವಿಚಾರಿಸಿರುತ್ತಾರೆ. ಆ ರಾಜ್ಯದಲ್ಲಿ ಔಷಧಿ ಬರೆಯುವ ಅಧಿಕಾರ ಯಾರ ಕೈಯಲ್ಲಿದೆ ಎಂದು ವಿಚಾರಿಸಿದವರು ಕಡಿಮೆ. ಆ ಪ್ರಶ್ನೆಗೆ ಫೋನಿನಲ್ಲಿ ಹೇಳುವುದನ್ನೇ ಇಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆದಿದ್ದೇನೆ.

ರಾಜ್ಯಕ್ಕೊಂದು ಕಾನೂನು ಯಾಕೆ

ಅಮೆರಿಕದಲ್ಲಿ ವೈದ್ಯರಿಗೂ ನರ್ಸ್‌ಗಳಿಗೂ ಪರವಾನಗಿ ಕೊಡುವುದು ಆಯಾ ರಾಜ್ಯ. ನರ್ಸ್ ಪ್ರಾಕ್ಟೀಷನರ್ ಎಂಬ ಹುದ್ದೆ ಹುಟ್ಟಿದ್ದು 1965ರಲ್ಲಿ, ಕೊಲರಾಡೊ ವಿಶ್ವವಿದ್ಯಾಲಯದಲ್ಲಿ. ಲೊರೆಟ್ಟಾ ಫೋರ್ಡ್ ಎಂಬ ನರ್ಸ್ ಮತ್ತು ಹೆನ್ರಿ ಸಿಲ್ವರ್ ಎಂಬ ಮಕ್ಕಳ ತಜ್ಞರು ಸೇರಿ ಮೊದಲ ಕೋರ್ಸ್ ಶುರುಮಾಡಿದರು. ರೋಗ ಗುರುತಿಸಿ ಚಿಕಿತ್ಸೆ ಕೊಡುವುದಕ್ಕೆ ಕಾನೂನಿನ ಮನ್ನಣೆ ಮೊದಲು ಸಿಕ್ಕಿದ್ದು ಐಡಾಹೊದಲ್ಲಿ, 1971ರಲ್ಲಿ. ಒರೆಗಾನ್ 1979ರಲ್ಲೇ ಸ್ವತಂತ್ರವಾಗಿ ಔಷಧಿ ಬರೆಯುವ ಅಧಿಕಾರ ಕೊಟ್ಟಿತು. ಜಾರ್ಜಿಯಾದಲ್ಲಿ ಎನ್‌ಪಿಗಳಿಗೆ ಚೀಟಿ ಬರೆಯಲು ಅವಕಾಶ ಸಿಕ್ಕಿದ್ದು 2006ರಲ್ಲಿ. ಒಂದು ದೇಶದೊಳಗೆ ಎರಡು ರಾಜ್ಯಗಳ ನಡುವೆ 27 ವರ್ಷದ ಅಂತರ. ಇವತ್ತು ಕಾಣುವ ವ್ಯತ್ಯಾಸದ ಬೇರು ಅಲ್ಲಿದೆ. ಪ್ರತಿ ರಾಜ್ಯದ ಶಾಸನಸಭೆಯಲ್ಲೂ ನರ್ಸ್‌ಗಳ ಸಂಘ ಮತ್ತು ವೈದ್ಯರ ಸಂಘ ಎದುರುಬದುರಾಗಿ ವಾದಿಸಿ, ಎಲ್ಲಿ ರಾಜಿಯಾಯಿತೋ ಅಲ್ಲಿಗೆ ಕಾನೂನು ನಿಂತಿದೆ.

ವೈದ್ಯರ ವಾದವನ್ನು ತಳ್ಳಿಹಾಕಬೇಡಿ. ಮೆಡಿಕಲ್ ಓದಿದವರು ಆಮೇಲೆ ಕನಿಷ್ಠ 3 ವರ್ಷ ರೆಸಿಡೆನ್ಸಿ (ಆಸ್ಪತ್ರೆಯಲ್ಲಿ ತರಬೇತಿ) ಮಾಡಿ ಹೊರಬರುತ್ತಾರೆ. ಎನ್‌ಪಿ ಕೋರ್ಸ್‌ನಲ್ಲಿ ರೋಗಿಗಳ ಜೊತೆ ಕಳೆಯಬೇಕಾದ ಕನಿಷ್ಠ ಅವಧಿ ಬಹುಕಾಲ 500 ಗಂಟೆ ಇತ್ತು. 2022ರ ರಾಷ್ಟ್ರೀಯ ಮಾನದಂಡ ಅದನ್ನು 750ಕ್ಕೆ ಏರಿಸಿತು. ನಮ್ಮಲ್ಲಿ ಹೆಚ್ಚಿನವರಿಗೆ ಅದಕ್ಕೂ ಮುಂಚೆ ಐಸಿಯು, ವಾರ್ಡ್‌ಗಳಲ್ಲಿ ಎಷ್ಟೋ ವರ್ಷ ದುಡಿದ ಅನುಭವ ಇರುತ್ತದೆ, ನಿಜ. ಆದರೆ ಡಾಕ್ಟರು ಬರೆದ ಔಷಧಿಯನ್ನು ಕೊಡುವುದು ಒಂದು ಕೆಲಸ, ಯಾವ ಔಷಧಿ ಎಂದು ತಾನೇ ತೀರ್ಮಾನಿಸುವುದು ಬೇರೆಯೇ ಕೆಲಸ. ಆ ಮೊದಲ ವರ್ಷದ ಭಯ ನನಗೆ ಚೆನ್ನಾಗಿ ನೆನಪಿದೆ.

ಮೂರು ಬಣ್ಣದ ನಕ್ಷೆ

ಎನ್‌ಪಿಗಳ ರಾಷ್ಟ್ರೀಯ ಸಂಘ ಎಎಎನ್‌ಪಿ ಒಂದು ನಕ್ಷೆ ಇಟ್ಟಿದೆ. ಪೂರ್ಣ ಅಧಿಕಾರದ ರಾಜ್ಯಗಳಿಗೆ ಹಸಿರು, ಸ್ವಲ್ಪ ಕಡಿತ ಇದ್ದರೆ ಹಳದಿ, ಕಟ್ಟುನಿಟ್ಟಾದರೆ ಕೆಂಪು. ಅರ್ಧಕ್ಕಿಂತ ಹೆಚ್ಚು ರಾಜ್ಯಗಳೂ ರಾಜಧಾನಿ ವಾಷಿಂಗ್ಟನ್ ಡಿಸಿಯೂ ಈಗ ಹಸಿರು. ಎಲ್ಲರೂ ಮೊದಲು ತೆರೆಯುವುದು ಇದನ್ನೇ, ತೆರೆಯಲೂಬೇಕು. ಆದರೆ ಬಣ್ಣ ನೋಡಿ ತೀರ್ಮಾನ ಮಾಡಿದರೆ ಎಡವುತ್ತೀರಿ. ಅರಿಜೋನಾ, ನ್ಯೂಯಾರ್ಕ್ ಎರಡೂ ಹಸಿರು. ಅರಿಜೋನಾದಲ್ಲಿ ಪರವಾನಗಿ ಕೈಗೆ ಬಂದ ದಿನದಿಂದ ನೀವು ಸ್ವತಂತ್ರರು, ನ್ಯೂಯಾರ್ಕ್‌ನಲ್ಲಿ 3,600 ಗಂಟೆ ಕಾಯಬೇಕು. ಫ್ಲೋರಿಡಾ ಕೆಂಪು. ಆದರೂ ಕುಟುಂಬ ವೈದ್ಯಕೀಯದಲ್ಲಿ ಇರುವ ಎನ್‌ಪಿಗೆ ಅಲ್ಲಿ ಸ್ವತಂತ್ರವಾಗಲು 2020ರಿಂದ ದಾರಿ ಇದೆ, ಮನೋರೋಗ ವಿಭಾಗದವರಿಗೆ ಇಲ್ಲ. ಒಂದೇ ಬಣ್ಣದೊಳಗೆ ಒಬ್ಬರಿಗೆ ಬಾಗಿಲು, ಇನ್ನೊಬ್ಬರಿಗೆ ಗೋಡೆ.

ಹಾಗಾಗಿ ನಾನು ಬಣ್ಣ ಬಿಟ್ಟು ನಾಲ್ಕು ವಿಷಯ ಕೇಳುತ್ತೇನೆ. ಡಾಕ್ಟರ ಸಹಿ ಬೇಕೆ? ಬೇಕಾದರೆ ಎಷ್ಟು ದಿನ? ಚಟ, ದುರ್ಬಳಕೆಯ ಅಪಾಯವಿರುವ ನಿಯಂತ್ರಿತ ಔಷಧಿಗಳಲ್ಲಿ, ಮುಖ್ಯವಾಗಿ ಚೀಟಿ ಬರೆಯಬಹುದಾದವುಗಳಲ್ಲೇ ಆ ಅಪಾಯ ಅತಿ ಹೆಚ್ಚಿರುವ ಶೆಡ್ಯೂಲ್ 2ರಲ್ಲಿ, ಎಲ್ಲಿಯವರೆಗೆ ಬರೆಯಬಹುದು? ಮತ್ತು ಆ ಸಹಿ ಹಾಕಿದವರು ನಾಳೆ ಇಲ್ಲವಾದರೆ ಏನಾಗುತ್ತದೆ?

ಮೊದಲ ದಿನದಿಂದಲೇ ಸ್ವತಂತ್ರ: ಅರಿಜೋನಾ, ವಾಷಿಂಗ್ಟನ್, ಒರೆಗಾನ್, ನ್ಯೂ ಮೆಕ್ಸಿಕೊ

ಈ ಗುಂಪಿನಲ್ಲಿ ಡಾಕ್ಟರ ಜೊತೆ ಒಪ್ಪಂದವೂ ಇಲ್ಲ, ಗಂಟೆಗಳ ಲೆಕ್ಕವೂ ಇಲ್ಲ. ಅರಿಜೋನಾದಲ್ಲಿ ಒಂದು ಹೆಜ್ಜೆ ಹೆಚ್ಚಿಗೆ ಇದೆ. ಎನ್‌ಪಿ ಪ್ರಮಾಣಪತ್ರ ಸಿಕ್ಕ ಮಾತ್ರಕ್ಕೆ ಚೀಟಿ ಬರೆಯುವ ಹಾಗಿಲ್ಲ. ಔಷಧಿ ಬರೆಯುವ ಮತ್ತು ವಿತರಿಸುವ ಅಧಿಕಾರಕ್ಕೆ ನರ್ಸಿಂಗ್ ಬೋರ್ಡಿಗೆ ಪ್ರತ್ಯೇಕ ಅರ್ಜಿ ಹಾಕಬೇಕು. ಕೆಲಸಕ್ಕೆ ಸೇರುವ ದಿನಾಂಕ ಒಪ್ಪಿಕೊಂಡು ಈ ಅರ್ಜಿ ಮರೆತವರನ್ನು ನೋಡಿದ್ದೇನೆ. ಎರಡನ್ನೂ ಒಟ್ಟಿಗೇ ಹಾಕಿ.

ಟೆಕ್ಸಾಸ್‌ನ ಎಲ್ ಪಾಸೊದಿಂದ ನ್ಯೂ ಮೆಕ್ಸಿಕೊದ ಲಾಸ್ ಕ್ರೂಸಸ್‌ಗೆ ಹೆದ್ದಾರಿಯಲ್ಲಿ ಸುಮಾರು 45 ಮೈಲಿ. ನ್ಯೂ ಮೆಕ್ಸಿಕೊ 1990ರ ದಶಕದಲ್ಲೇ ಎನ್‌ಪಿಗಳಿಗೆ ಪೂರ್ಣ ಅಧಿಕಾರ ಕೊಟ್ಟ ರಾಜ್ಯ. ಅಲ್ಲಿ ಸ್ವಂತ ಬೋರ್ಡು ಹಾಕಿಕೊಂಡು ಕ್ಲಿನಿಕ್ ನಡೆಸುವ ಎನ್‌ಪಿ, 45 ಮೈಲಿ ಈಚೆ ಬಂದರೆ ಜ್ವರದ ಔಷಧಿ ಬರೆಯಲೂ ಒಪ್ಪಂದ ಬೇಕು. ಹಳ್ಳಿಗಾಡು ಹೆಚ್ಚು, ಡಾಕ್ಟರು ಕಡಿಮೆ ಇರುವ ಪಶ್ಚಿಮದ ರಾಜ್ಯಗಳು ಮೊದಲು ಬಾಗಿಲು ತೆರೆದವು. ಮೈಲಿಗಟ್ಟಲೆ ದೂರದಲ್ಲಿ ಯಾರೂ ಇಲ್ಲದಿದ್ದಾಗ ಇರುವ ಒಬ್ಬ ನರ್ಸ್ ಕೈ ಕಟ್ಟಿಹಾಕುವುದರಲ್ಲಿ ಅರ್ಥವಿಲ್ಲ ಎಂದು ಅಲ್ಲಿಯ ಜನಕ್ಕೆ ಬೇಗ ತಿಳಿಯಿತು.

ಹಾಗಂತ ಹೊಸದಾಗಿ ಪಾಸಾದವರಿಗೆಲ್ಲ ಇದೇ ಮೊದಲ ಆಯ್ಕೆ ಎಂದು ನಾನು ಹೇಳುವುದಿಲ್ಲ. ಕಾನೂನು ಮೇಲ್ವಿಚಾರಣೆ ಕೇಳುವುದಿಲ್ಲವಾದ್ದರಿಂದ ಕೆಲವು ಕ್ಲಿನಿಕ್‌ಗಳು ಅದನ್ನು ಕೊಡುವುದೇ ಇಲ್ಲ. ಸೇರಿದ ವಾರವೇ ದಿನಕ್ಕೆ ಇಪ್ಪತ್ತು ರೋಗಿಗಳನ್ನು ಕೈಗೆ ಕೊಟ್ಟು, ಸಂದೇಹ ಬಂದರೆ ಕೇಳಲು ಯಾರೂ ಇಲ್ಲದ ಕಡೆ ಹೊಸಬರು ನಲುಗಿಹೋಗುತ್ತಾರೆ. ಇಂಥ ರಾಜ್ಯಕ್ಕೆ ಬರುವುದಾದರೆ ಸ್ವಾತಂತ್ರ್ಯದ ಜೊತೆಗೆ ಒಬ್ಬ ಗುರುವನ್ನೂ ಕೇಳಿ ಪಡೆಯಿರಿ. ಮೊದಲ 6 ತಿಂಗಳು ಹಿರಿಯರೊಬ್ಬರು ನಿಮ್ಮ ಚಾರ್ಟ್ (ರೋಗಿಗಳ ದಾಖಲೆ) ನೋಡಬೇಕು ಎಂದು ಕೆಲಸದ ಪತ್ರದಲ್ಲೇ ಬರೆಸಿಕೊಳ್ಳಿ.

ಇಷ್ಟು ಗಂಟೆ ದುಡಿದು ಸ್ವತಂತ್ರ: ನ್ಯೂಯಾರ್ಕ್, ಇಲಿನಾಯ್, ಮಿನ್ನೆಸೋಟ ಮುಂತಾದವು

ಹೊಸಬರಿಗೆ ನಾನು ಹೆಚ್ಚಾಗಿ ಹೇಳುವುದು ಈ ಗುಂಪು. ಆರಂಭದಲ್ಲಿ ಜೊತೆಗೊಬ್ಬರು, ನಿಗದಿತ ಅವಧಿ ಮುಗಿದ ಮೇಲೆ ನಿಮ್ಮ ಪಾಡಿಗೆ ನೀವು. ವಾರಕ್ಕೆ 40 ಗಂಟೆಯಂತೆ ವರ್ಷಕ್ಕೆ 2,080 ಗಂಟೆ ಎಂದು ಹಿಡಿದರೆ ಅವಧಿ ಅಂದಾಜಾಗುತ್ತದೆ. ಕೊಲರಾಡೊ ಕೇಳುವುದು 750 ಗಂಟೆ, ಅಂದರೆ ಐದು ತಿಂಗಳಿಗೂ ಕಡಿಮೆ. ನೆಬ್ರಾಸ್ಕ 2,000, ಮಿನ್ನೆಸೋಟ 2,080, ಎರಡೂ ಹೆಚ್ಚುಕಡಿಮೆ ಒಂದು ವರ್ಷ. ಮೇರಿಲ್ಯಾಂಡ್‌ನಲ್ಲಿ 18 ತಿಂಗಳು ಒಬ್ಬ ಮಾರ್ಗದರ್ಶಿ ಇರಬೇಕು. ಆ ಮಾರ್ಗದರ್ಶಿ ಡಾಕ್ಟರೇ ಆಗಬೇಕಿಲ್ಲ, 3 ವರ್ಷ ಅನುಭವದ ಎನ್‌ಪಿಯೂ ಆಗಬಹುದು. ಮ್ಯಾಸಚುಸೆಟ್ಸ್ 2021ರಿಂದ 2 ವರ್ಷ ಎಂದಿಟ್ಟಿದೆ.

ಇಲಿನಾಯ್ ಬಗ್ಗೆ ನಿಧಾನವಾಗಿ ಹೇಳಬೇಕು, ಶಿಕಾಗೊ ಸುತ್ತ ನಮ್ಮವರು ಬಹಳ ಇದ್ದಾರೆ. 2018ರಿಂದ ಜಾರಿಯಾದ ಕಾನೂನಿನ ಪ್ರಕಾರ 4,000 ಗಂಟೆ ಕೆಲಸ, ಜೊತೆಗೆ 250 ಗಂಟೆ ಹೆಚ್ಚಿನ ಕಲಿಕೆ ಮುಗಿಸಿದರೆ ಪೂರ್ಣ ಅಧಿಕಾರ. ಆದರೆ ಅದಾದ ಮೇಲೂ ಒಂದು ಕೊಂಡಿ ಉಳಿಯುತ್ತದೆ. ಶೆಡ್ಯೂಲ್ 2ರ ಓಪಿಯಾಯ್ಡ್ (ಅಫೀಮಿನ ಬಗೆಯ) ನೋವುನಿವಾರಕಗಳನ್ನೂ, ಆತಂಕಕ್ಕೆ ಕೊಡುವ ಬೆಂಜೊಡಯಜೆಪೀನ್‌ಗಳನ್ನೂ ಬರೆಯಬೇಕಾದರೆ ಡಾಕ್ಟರೊಬ್ಬರ ಜೊತೆ ಸಮಾಲೋಚನೆಯ ಸಂಬಂಧ ಇಟ್ಟುಕೊಂಡಿರಬೇಕು, ಅದು ದಾಖಲಾಗಿರಬೇಕು. ಫ್ಯಾಮಿಲಿ ಎನ್‌ಪಿಗೆ ಇದು ದೊಡ್ಡ ತೊಡಕಲ್ಲ. ಮನೋರೋಗ ವಿಭಾಗದವರಿಗೆ, ಕ್ಯಾನ್ಸರ್ ರೋಗಿಗಳ ಕೊನೆಗಾಲದ ಆರೈಕೆಯಲ್ಲಿರುವವರಿಗೆ ಇದು ದಿನನಿತ್ಯದ ಮಾತು.

ನ್ಯೂಯಾರ್ಕ್ 2015ರಲ್ಲಿ 3,600 ಗಂಟೆಯ ಗಡಿ ಇಟ್ಟಿತು. ಆಗ ಲಿಖಿತ ಒಪ್ಪಂದ ತಪ್ಪಿದರೂ ಡಾಕ್ಟರ ಜೊತೆ ಸಹಕಾರದ ಸಂಬಂಧ ತೋರಿಸಬೇಕಿತ್ತು. 2022ರಲ್ಲಿ ಅದನ್ನೂ ತೆಗೆದರು. ಆದರೆ ಈ ಸಡಿಲಿಕೆಯನ್ನು ಕಾಯಂ ಮಾಡದೆ, ಅವಧಿ ಹಾಕಿ ವಿಸ್ತರಿಸುತ್ತಾ ಬಂದಿದ್ದಾರೆ. ಸ್ವಂತ ಕ್ಲಿನಿಕ್‌ಗೆ ಸಾಲ ಮಾಡುವವರು ಆ ದಿನಾಂಕದ ಮೇಲೆ ಒಂದು ಕಣ್ಣಿಟ್ಟಿರಬೇಕು. ಕಾನೂನು ಹಿಂದೆಮುಂದೆ ಆಡುವುದಕ್ಕೆ ವರ್ಜೀನಿಯಾ ಇನ್ನೂ ಒಳ್ಳೆಯ ಉದಾಹರಣೆ. 2018ರಲ್ಲಿ 5 ವರ್ಷ ಎಂದರು. ಕೋವಿಡ್ ಕಾಲದಲ್ಲಿ 2ಕ್ಕೆ ಇಳಿಸಿದರು. ಅವಧಿ ಮುಗಿದು ಮತ್ತೆ 5 ಆಯಿತು. 2024ರಲ್ಲಿ 3ಕ್ಕೆ ಬಂತು. ಆ ನಡುವೆ ಎರಡೂವರೆ ವರ್ಷ ಮುಗಿಸಿದವರ ಸ್ಥಿತಿ ಯೋಚಿಸಿ. ವಿಸ್ಕಾನ್ಸಿನ್ 2025ರ ಆಗಸ್ಟ್‌ನಲ್ಲಷ್ಟೇ ಈ ಗುಂಪಿಗೆ ಬರುವ ಕಾನೂನು ಮಾಡಿದೆ.

ಗಂಟೆಗಳ ಲೆಕ್ಕವನ್ನು ಮೊದಲ ದಿನದಿಂದ ನೀವೇ ಬರೆದಿಡಿ. ದಿನಾಂಕ, ಜಾಗ, ಮೇಲ್ವಿಚಾರಕರ ಹೆಸರು, ಅವರ ಪರವಾನಗಿ ಸಂಖ್ಯೆ. ಕ್ಲಿನಿಕ್ ಕೈ ಬದಲಾದರೆ, ಡಾಕ್ಟರು ನಿವೃತ್ತರಾದರೆ, ದೃಢೀಕರಣ ಪತ್ರಕ್ಕೆ ಎರಡು ವರ್ಷ ಬಿಟ್ಟು ಅಲೆಯಬೇಕಾಗುತ್ತದೆ. ವರ್ಷಕ್ಕೊಮ್ಮೆ ಸಹಿ ಮಾಡಿಸಿಟ್ಟುಕೊಳ್ಳಿ. ಬೇರೆ ರಾಜ್ಯದಲ್ಲಿ ದುಡಿದ ಗಂಟೆ ಹೊಸ ರಾಜ್ಯದಲ್ಲಿ ಲೆಕ್ಕಕ್ಕೆ ಬರುತ್ತದೆಯೇ ಎಂಬುದನ್ನೂ ಬೋರ್ಡಿಗೆ ಬರೆದು, ಉತ್ತರವನ್ನು ಇಮೇಲ್‌ನಲ್ಲೇ ತರಿಸಿಕೊಳ್ಳಿ.

ಕ್ಯಾಲಿಫೋರ್ನಿಯಾ: ಎರಡು ಮೆಟ್ಟಿಲು

ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಬೇ ಏರಿಯಾದಲ್ಲಿ ಗಂಡನಿಗೋ ಹೆಂಡತಿಗೋ ಕೆಲಸ, ಆದ್ದರಿಂದ ಬೇರೆ ಆಯ್ಕೆಯಿಲ್ಲ ಎನ್ನುವವರೇ ನನಗೆ ಫೋನ್ ಮಾಡುವವರಲ್ಲಿ ಹೆಚ್ಚು. ಅವರಿಗಾಗಿ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ಕ್ಯಾಲಿಫೋರ್ನಿಯಾದ ಹಳೆಯ ಕಾನೂನು ಎನ್‌ಪಿ ಔಷಧಿ 'ಬರೆಯುತ್ತಾರೆ' ಎನ್ನುವುದಿಲ್ಲ, 'ಒದಗಿಸುತ್ತಾರೆ' ಎನ್ನುತ್ತದೆ. ಅದಕ್ಕೆ ಫರ್ನಿಶಿಂಗ್ ನಂಬರ್ ಎಂಬ ಪ್ರತ್ಯೇಕ ಸಂಖ್ಯೆ ಬೇಕು. ಡಾಕ್ಟರ ಜೊತೆ ಸೇರಿ ಬರೆದ ಲಿಖಿತ ಕಾರ್ಯವಿಧಾನದ ಪ್ರಕಾರ ಒದಗಿಸಬೇಕು, ಒಬ್ಬ ಡಾಕ್ಟರು ಏಕಕಾಲಕ್ಕೆ ಇಂಥ 4 ಎನ್‌ಪಿಗಳಿಗಿಂತ ಹೆಚ್ಚು ಜನರನ್ನು ನೋಡಿಕೊಳ್ಳುವ ಹಾಗಿಲ್ಲ. ಇಷ್ಟು ದೊಡ್ಡ ರಾಜ್ಯ ಇಷ್ಟು ತಡವಾಗಿ ಬದಲಾಗಿದ್ದು ನನಗೆ ಇಂದಿಗೂ ಬೇಸರ ತರುವ ಸಂಗತಿ. 2020ರ ಸೆಪ್ಟೆಂಬರ್‌ನಲ್ಲಿ ಗವರ್ನರ್ ಗ್ಯಾವಿನ್ ನ್ಯೂಸಮ್ ಎಬಿ 890 ಎಂಬ ಮಸೂದೆಗೆ ಸಹಿ ಹಾಕಿದರು. ಅದು ಎರಡು ಮೆಟ್ಟಿಲು ಕಟ್ಟಿತು. ಮೊದಲನೆಯದನ್ನು ಎಲ್ಲರೂ 103 ಎನ್‌ಪಿ ಎನ್ನುತ್ತಾರೆ, ಎರಡನೆಯದನ್ನು 104. ಕಾನೂನಿನ ಕಲಮುಗಳ ಸಂಖ್ಯೆಯೇ ಹೆಸರಾಗಿದೆ.

4,600 ಗಂಟೆ, ಇಲ್ಲವೇ ಪೂರ್ಣಾವಧಿಯ 3 ವರ್ಷ ಮುಗಿಸಿದರೆ 103. ಆಗ ಲಿಖಿತ ಕಾರ್ಯವಿಧಾನದ ಹಂಗಿಲ್ಲದೆ ಔಷಧಿ ಬರೆಯಬಹುದು, ಆದರೆ ಕನಿಷ್ಠ ಒಬ್ಬ ಡಾಕ್ಟರಾದರೂ ಇರುವ ಕ್ಲಿನಿಕ್, ಆಸ್ಪತ್ರೆಗಳಂಥ ಕಡೆ ಮಾತ್ರ. 103 ಆಗಿ ಮತ್ತೆ 3 ವರ್ಷ ಕಳೆದರೆ 104, ಆಗ ಸ್ವಂತವಾಗಿ ಬೇರೆ ಕಡೆಯೂ ಕ್ಲಿನಿಕ್ ಇಡಬಹುದು. ನಿಯಮಗಳು ಜಾರಿಗೆ ಬಂದದ್ದು 2023ರಲ್ಲಿ, ಆದ್ದರಿಂದ 104 ಎನ್‌ಪಿಗಳು ಬರುವುದು 2026ರಿಂದ. ಸೊನ್ನೆಯಿಂದ ಶುರುಮಾಡಿದವರಿಗೆ ಒಟ್ಟು 6 ವರ್ಷದ ದಾರಿ. ಈ ಕಾನೂನಿನ ಒಂದು ಸಣ್ಣ ವಿವರ ನನಗೆ ಇಷ್ಟ. ತಾನು ಡಾಕ್ಟರಲ್ಲ ಎಂದು ಎನ್‌ಪಿ ರೋಗಿಗೆ ಸ್ಪಷ್ಟವಾಗಿ ಹೇಳಬೇಕು, ಸ್ಪ್ಯಾನಿಷ್ ಮಾತಾಡುವವರಿಗೆ 'ಎನ್‌ಫೆರ್ಮೇರಾ ಎಸ್ಪೆಸಿಯಲಿಸಾದಾ' ಎಂಬ ಪದವನ್ನೇ ಬಳಸಬೇಕು ಎಂದು ಅದರಲ್ಲೇ ಬರೆದಿದೆ. ರೋಗಿಗೆ ತನ್ನ ಭಾಷೆಯಲ್ಲಿ ತಿಳಿಯಬೇಕು ಎನ್ನುವ ಕಾಳಜಿ ಕಾನೂನಿನ ಪುಸ್ತಕದಲ್ಲಿ ಸಿಗುವುದು ಅಪರೂಪ. ನನ್ನ ಹತ್ತಿರ ಬರುವ ಕನ್ನಡದ ಅಜ್ಜಿಯರು "ಡಾಕ್ಟ್ರಮ್ಮ" ಎಂದೇ ಕರೆಯುತ್ತಾರೆ. "ನಾನು ನರ್ಸ್ ಅಜ್ಜಿ, ಆದರೆ ಔಷಧಿ ಬರೆಯೋ ನರ್ಸ್" ಎಂದು ಪ್ರತಿ ಸಲ ಹೇಳುತ್ತೇನೆ.

ಸಹಿ ತಪ್ಪದ ರಾಜ್ಯಗಳು: ಟೆಕ್ಸಾಸ್, ನಾರ್ತ್ ಕ್ಯಾರೊಲಿನಾ, ನ್ಯೂ ಜೆರ್ಸಿ, ಪೆನ್ಸಿಲ್ವೇನಿಯಾ

ಡಲ್ಲಾಸ್, ಹ್ಯೂಸ್ಟನ್, ರಾಲಿ, ಎಡಿಸನ್. ಕನ್ನಡಿಗರು ಹೆಚ್ಚಿರುವ ಊರುಗಳನ್ನು ಎಣಿಸಿದರೆ ಬಹುಪಾಲು ಈ ಗುಂಪಿನ ರಾಜ್ಯಗಳಲ್ಲೇ ಬರುತ್ತವೆ. ಇಲ್ಲಿ 20 ವರ್ಷ ಅನುಭವ ಇದ್ದರೂ ಒಪ್ಪಂದ ಬೇಕು.

ಟೆಕ್ಸಾಸ್‌ನಲ್ಲಿ ಔಷಧಿ ಬರೆಯುವ ಅಧಿಕಾರ ನಿಮ್ಮದಲ್ಲ, ಡಾಕ್ಟರದ್ದು. ಅವರು ಅದನ್ನು ಒಪ್ಪಂದದ ಮೂಲಕ ನಿಮಗೆ ವಹಿಸಿಕೊಡುತ್ತಾರೆ. 2013ರ ಕಾನೂನು ಆ ಒಪ್ಪಂದದ ರೂಪ ನಿಗದಿ ಮಾಡಿದೆ. ಆಸ್ಪತ್ರೆಯ ಹೊರಗಿನ ಕ್ಲಿನಿಕ್‌ಗಳಲ್ಲಿ ಒಬ್ಬ ಡಾಕ್ಟರು ಸಾಮಾನ್ಯವಾಗಿ 7 ಮಂದಿಗೆ ಹೀಗೆ ವಹಿಸಬಹುದು. ತಿಂಗಳಿಗೊಮ್ಮೆ ಮಾತುಕತೆ, ಚಾರ್ಟ್ ಪರಿಶೀಲನೆ ಕಡ್ಡಾಯ. ಶೆಡ್ಯೂಲ್ 3ರಿಂದ 5ರವರೆಗಿನ ಔಷಧಿಗಳನ್ನು ರೀಫಿಲ್ ಸೇರಿ 90 ದಿನಕ್ಕೆ ಬರೆಯಬಹುದು, ಆಮೇಲೆ ಡಾಕ್ಟರನ್ನು ಕೇಳಬೇಕು. 2 ವರ್ಷದೊಳಗಿನ ಮಗುವಿಗೆ ಇಂಥ ಔಷಧಿಯಾದರೆ ಮೊದಲೇ ಕೇಳಬೇಕು. ಶೆಡ್ಯೂಲ್ 2 ಅಂತೂ ಆಸ್ಪತ್ರೆಯೊಳಗೆ ದಾಖಲಾದವರಿಗೆ, ಎಮರ್ಜೆನ್ಸಿಯಲ್ಲಿ, ಇಲ್ಲವೇ ಹಾಸ್ಪೈಸ್ (ಕೊನೆಗಾಲದ ಆರೈಕೆ) ರೋಗಿಗಳಿಗೆ ಮಾತ್ರ. ಇದರ ಅರ್ಥ ಹೀಗೆ: ಡಲ್ಲಾಸ್‌ನ ಕ್ಲಿನಿಕ್‌ನಲ್ಲಿ ಕೂತ ಮನೋರೋಗ ವಿಭಾಗದ ಎನ್‌ಪಿ, ಏಕಾಗ್ರತೆಯ ತೊಂದರೆ ಇರುವ ಮಗುವನ್ನು ಪೂರ್ತಿ ಪರೀಕ್ಷಿಸಿ, ತಾಯಿಯ ಜೊತೆ ಗಂಟೆಗಟ್ಟಲೆ ಮಾತಾಡಿ, ಕೊನೆಗೆ ಶೆಡ್ಯೂಲ್ 2ರಲ್ಲಿ ಬರುವ ಆಡರಾಲ್ ಮಾತ್ರೆಯ ಚೀಟಿ ಮಾತ್ರ ಡಾಕ್ಟರ ಕೈಯಿಂದ ಬರಬೇಕೆಂದು ಕಾಯುತ್ತಾರೆ. ಮನೋರೋಗ ವಿಭಾಗಕ್ಕೆ ಹೋಗುವವರು ಟೆಕ್ಸಾಸ್ ಆರಿಸುವ ಮುಂಚೆ ಎರಡು ಸಲ ಯೋಚಿಸಿ ಎಂದು ನೇರವಾಗಿಯೇ ಹೇಳುತ್ತೇನೆ.

ನಾರ್ತ್ ಕ್ಯಾರೊಲಿನಾದಲ್ಲಿ ಎನ್‌ಪಿಗಳನ್ನು ನರ್ಸಿಂಗ್ ಬೋರ್ಡ್ ಮತ್ತು ಮೆಡಿಕಲ್ ಬೋರ್ಡ್ ಜಂಟಿಯಾಗಿ ನಿಯಂತ್ರಿಸುತ್ತವೆ. ಹೊಸ ಒಪ್ಪಂದದ ಮೊದಲ 6 ತಿಂಗಳು ಪ್ರತಿ ತಿಂಗಳೂ ಡಾಕ್ಟರ ಜೊತೆ ಸಭೆ, ಆಮೇಲೆ 6 ತಿಂಗಳಿಗೊಮ್ಮೆ. ಪೆನ್ಸಿಲ್ವೇನಿಯಾದಲ್ಲಿ ಲಿಖಿತ ಒಪ್ಪಂದ ಇದ್ದರೆ ಶೆಡ್ಯೂಲ್ 2ನ್ನು 30 ದಿನಕ್ಕೆ ಬರೆಯಬಹುದು, ಅಂದರೆ ಈ ಒಂದು ವಿಷಯದಲ್ಲಿ ಟೆಕ್ಸಾಸ್‌ಗಿಂತ ಎಷ್ಟೋ ವಾಸಿ. ನ್ಯೂ ಜೆರ್ಸಿಯಲ್ಲಿ ಔಷಧಿ ಬರೆಯಲು ಡಾಕ್ಟರ ಜೊತೆ ಜಂಟಿ ನಿಯಮಾವಳಿ ಬೇಕು. ಎಡಿಸನ್‌ನಲ್ಲಿ ಮನೆ ಇದ್ದವರಿಗೆ ರೈಲು ಹತ್ತಿದರೆ ನ್ಯೂಯಾರ್ಕ್ ಸಿಗುತ್ತದೆ. ಅಲ್ಲಿಯ ಪರವಾನಗಿ ಪಡೆದು, ಅಲ್ಲಿ ಗಂಟೆ ತುಂಬಿಸಿ, ಅಲ್ಲಿಯೇ ಸ್ವತಂತ್ರರಾಗುವ ದಾರಿಯನ್ನು ನಮ್ಮವರು ಇನ್ನೂ ಹೆಚ್ಚು ಬಳಸಬೇಕು.

ಫ್ಲೋರಿಡಾ ಈ ಗುಂಪಿನಲ್ಲಿ ಅರ್ಧ ಕಾಲಿಟ್ಟಿದೆ. ಎನ್‌ಪಿಗಳಿಗೆ ನಿಯಂತ್ರಿತ ಔಷಧಿ ಬರೆಯಲು ಅದು ಅವಕಾಶ ಕೊಟ್ಟಿದ್ದು 2017ರಲ್ಲಿ, ಐವತ್ತು ರಾಜ್ಯಗಳಲ್ಲಿ ಕೊನೆಯದಾಗಿ. ಈಗಲೂ ಶೆಡ್ಯೂಲ್ 2ಕ್ಕೆ ಸಾಮಾನ್ಯವಾಗಿ 7 ದಿನದ ಮಿತಿ ಇದೆ. 2020ರ ಕಾನೂನಿನಂತೆ ಹಿಂದಿನ 5 ವರ್ಷದಲ್ಲಿ 3,000 ಗಂಟೆ ದುಡಿದವರು ಪ್ರಾಥಮಿಕ ಆರೈಕೆಯಲ್ಲಿ, ಅಂದರೆ ಕುಟುಂಬ ವೈದ್ಯಕೀಯ, ಮಕ್ಕಳ ಆರೈಕೆ, ಸಾಮಾನ್ಯ ಒಳರೋಗಗಳಲ್ಲಿ, ಸ್ವತಂತ್ರರಾಗಬಹುದು.

ಈ ಗುಂಪಿನ ಇನ್ನೊಂದು ಖರ್ಚು ಕಾನೂನಿನ ಪುಟದಲ್ಲಿ ಕಾಣುವುದಿಲ್ಲ. ಆಸ್ಪತ್ರೆಯಲ್ಲಿ ನೌಕರಿಯಾದರೆ ಡಾಕ್ಟರನ್ನು ಅವರೇ ಗೊತ್ತುಮಾಡುತ್ತಾರೆ. ಸ್ವಂತ ಕ್ಲಿನಿಕ್ ಇಟ್ಟರೆ ಸಹಿ ಹಾಕುವ ಡಾಕ್ಟರಿಗೆ ಪ್ರತಿ ತಿಂಗಳೂ ಹಣ ಕೊಡಬೇಕಾಗುತ್ತದೆ, ಅವರು ಒಬ್ಬ ರೋಗಿಯನ್ನೂ ನೋಡದಿದ್ದರೂ. ಅದರ ಮೇಲೆ, ಎನ್‌ಪಿ ತನ್ನ ಹೆಸರಿನಲ್ಲಿ ಬಿಲ್ ಮಾಡಿದರೆ ಹಿರಿಯರ ಸರ್ಕಾರಿ ವಿಮೆಯಾದ ಮೆಡಿಕೇರ್ ಕೊಡುವುದು ಡಾಕ್ಟರಿಗೆ ಕೊಡುವುದರ 85 ಶೇಕಡ. ಎರಡೂ ಕೂಡಿಸಿ ಲೆಕ್ಕ ಹಾಕಿ ನೋಡಿ.

ಎಲ್ಲ ರಾಜ್ಯಕ್ಕೂ ಒಂದೇ ಇರುವ ಮಾತು

ನಿಯಂತ್ರಿತ ಔಷಧಿ ಬರೆಯಲು ಕೇಂದ್ರ ಸರ್ಕಾರದ ಮಾದಕವಸ್ತು ನಿಯಂತ್ರಣ ಸಂಸ್ಥೆ ಡಿಇಎಯ ನೋಂದಣಿ ಬೇಕು. 3 ವರ್ಷಕ್ಕೆ 888 ಡಾಲರ್. 2023ರ ಜೂನ್‌ನಿಂದ ನೋಂದಣಿಗೂ ನವೀಕರಣಕ್ಕೂ ವ್ಯಸನ ಚಿಕಿತ್ಸೆಯ ಬಗ್ಗೆ 8 ಗಂಟೆ ತರಬೇತಿ ಒಂದು ಸಲ ಆಗಿರಬೇಕು. ನಿಮ್ಮ ರಾಜ್ಯ ಕೊಟ್ಟ ಅಧಿಕಾರಕ್ಕಿಂತ ಹೆಚ್ಚಿನದನ್ನು ಡಿಇಎ ಕೊಡುವುದಿಲ್ಲ. ಎರಡು ರಾಜ್ಯಗಳಲ್ಲಿ ಕೆಲಸ ಮಾಡಿದರೆ ಸಾಮಾನ್ಯವಾಗಿ ಎರಡು ನೋಂದಣಿ, ಎರಡು ಶುಲ್ಕ.

ಮಾಜಿ ಸೈನಿಕರ ಆಸ್ಪತ್ರೆಗಳ ಮಾತು ಬೇರೆ. 2016ರ ಡಿಸೆಂಬರ್‌ನಲ್ಲಿ ಬಂದ ಕೇಂದ್ರ ನಿಯಮದಿಂದ ಅಲ್ಲಿಯ ಎನ್‌ಪಿಗಳು ರಾಜ್ಯ ಯಾವುದೇ ಇರಲಿ ಸ್ವತಂತ್ರವಾಗಿ ಕೆಲಸ ಮಾಡಬಹುದು, ಯಾವುದಾದರೂ ಒಂದು ರಾಜ್ಯದ ಪರವಾನಗಿ ಇದ್ದರೆ ಸಾಕು. ನಿಯಂತ್ರಿತ ಔಷಧಿಗೆ ಮಾತ್ರ ಆ ಪರವಾನಗಿಯ ರಾಜ್ಯದ ಮಿತಿ ಅನ್ವಯಿಸುತ್ತದೆ. ಟೆಕ್ಸಾಸ್ ಬಿಟ್ಟು ಬರಲಾಗದ ಅಮೆರಿಕನ್ ಪ್ರಜೆಗಳಿಗೆ ನಾನು ಮೊದಲು ಸೂಚಿಸುವ ಕೆಲಸ ಇದು.

ಹಲವು ರಾಜ್ಯಗಳಲ್ಲಿ ಒಂದೇ ಪರವಾನಗಿ ನಡೆಯುವ ಒಪ್ಪಂದ ಇರುವುದು ಆರ್‌ಎನ್‌ಗಳಿಗೆ. ಎನ್‌ಪಿಗಳಿಗೆ ಅಂಥದ್ದು ಇನ್ನೂ ಜಾರಿಯಾಗಿಲ್ಲ. ವಿಡಿಯೊ ಕರೆಯಲ್ಲಿ ನೋಡುವಾಗಲೂ ರೋಗಿ ಎಲ್ಲಿ ಕೂತಿದ್ದಾರೋ ಆ ರಾಜ್ಯದ ಕಾನೂನೇ ಅನ್ವಯ. ಫೀನಿಕ್ಸ್‌ನಲ್ಲಿ ಕೂತು ಹ್ಯೂಸ್ಟನ್‌ನ ರೋಗಿಗೆ ಔಷಧಿ ಬರೆದರೆ ನೀವು ಟೆಕ್ಸಾಸ್‌ನವರೇ.

ವೀಸಾ ಮತ್ತು ನಮ್ಮ ಡಿಗ್ರಿ

ಭಾರತದಲ್ಲೂ ನರ್ಸಿಂಗ್ ಕೌನ್ಸಿಲ್ 2016ರಿಂದ ತೀವ್ರ ನಿಗಾ ಘಟಕಕ್ಕೆಂದು 2 ವರ್ಷದ ನರ್ಸ್ ಪ್ರಾಕ್ಟೀಷನರ್ ಸ್ನಾತಕೋತ್ತರ ಕೋರ್ಸ್ ನಡೆಸುತ್ತಿದೆ. ಅದನ್ನು ಓದಿದವರು ಇಲ್ಲಿ ನೇರವಾಗಿ ಎನ್‌ಪಿ ಆಗುವುದಿಲ್ಲ. ಎನ್‌ಕ್ಲೆಕ್ಸ್ ಎಂಬ ಪರವಾನಗಿ ಪರೀಕ್ಷೆ ಬರೆದು ಆರ್‌ಎನ್ ಆಗಿ, ಇಲ್ಲಿಯ ಮಾನ್ಯ ಕೋರ್ಸ್ ಮಾಡಿ, ರಾಷ್ಟ್ರೀಯ ಪರೀಕ್ಷೆ ಪಾಸಾಗಬೇಕು.

ಎಚ್-1ಬಿ ಕೆಲಸದ ವೀಸಾ ಮೇಲೆ ಇರುವವರಿಗೆ ಸ್ವಂತ ಕ್ಲಿನಿಕ್ ಸುಲಭದ ಮಾತಲ್ಲ, ಆದ್ದರಿಂದ 'ಸ್ವತಂತ್ರ ರಾಜ್ಯ' ಎಂಬ ಒಂದೇ ಕಾರಣಕ್ಕೆ ಸಂಸಾರ ಕಿತ್ತುಕೊಂಡು ಹೋಗಬೇಡಿ. ಒಳ್ಳೆಯ ಡಾಕ್ಟರ ಜೊತೆ ಕಲಿಯುವ ಅವಕಾಶ ಟೆಕ್ಸಾಸ್‌ನಲ್ಲಿದ್ದರೆ ಅದೇ ಲೇಸು. ಎಚ್-4 (ಎಚ್-1ಬಿಯವರ ಗಂಡ ಇಲ್ಲವೇ ಹೆಂಡತಿಗೆ ಸಿಗುವ ವೀಸಾ) ಮೇಲೆ ಕೆಲಸದ ಅನುಮತಿ ಇರುವವರು, ಗ್ರೀನ್ ಕಾರ್ಡ್ ಬಂದವರು ಸ್ವಂತ ಉದ್ಯೋಗ ಮಾಡಬಹುದು. ಅವರಿಗೆ ರಾಜ್ಯದ ಕಾನೂನೇ ಮೊದಲ ಲೆಕ್ಕ.

ನನ್ನನ್ನು ಕೇಳಿದರೆ

ಹೊಸದಾಗಿ ಪಾಸಾದ ಫ್ಯಾಮಿಲಿ ಎನ್‌ಪಿಗೆ ಮಿನ್ನೆಸೋಟ, ಕೊಲರಾಡೊ, ಮೇರಿಲ್ಯಾಂಡ್ ಥರದ ರಾಜ್ಯ. ಮನೋರೋಗ ವಿಭಾಗದವರಿಗೆ ವಾಷಿಂಗ್ಟನ್, ಒರೆಗಾನ್, ಅರಿಜೋನಾ. ಟೆಕ್ಸಾಸ್, ಫ್ಲೋರಿಡಾ ಅವರಿಗೆ ಕಡೆಯ ಆಯ್ಕೆಯಾಗಿರಲಿ. ಐದಾರು ವರ್ಷ ಅನುಭವ ಆಗಿ ಸ್ವಂತ ಕ್ಲಿನಿಕ್ ಕನಸಿರುವವರಿಗೆ ಅರಿಜೋನಾ, ನ್ಯೂ ಮೆಕ್ಸಿಕೊ. ಕ್ಯಾಲಿಫೋರ್ನಿಯಾದಲ್ಲೇ ಇರಬೇಕಾದವರು 103ರ ಗಂಟೆಗಳನ್ನು ಇವತ್ತಿನಿಂದಲೇ ಎಣಿಸಲಿ, 6 ವರ್ಷ ಬೇಗ ಕಳೆಯುತ್ತದೆ.

ಸಹಿ ಬೇಕಾದ ರಾಜ್ಯದಲ್ಲಿ ಕೆಲಸ ಒಪ್ಪಿಕೊಳ್ಳುವುದೇ ಆದರೆ, ಸಂದರ್ಶನದಲ್ಲಿ ಸಂಬಳದ ಮಾತಿಗಿಂತ ಮೊದಲು ಒಪ್ಪಂದದ ಪ್ರತಿ ಕೇಳಿ. ಡಾಕ್ಟರು ಈಗಾಗಲೇ ಎಷ್ಟು ಜನರಿಗೆ ಸಹಿ ಹಾಕಿದ್ದಾರೆ, ತಿಂಗಳ ಸಭೆ ನಿಜವಾಗಿ ನಡೆಯುತ್ತದೆಯೇ, ಫೋನ್ ಮಾಡಿದರೆ ಸಿಗುತ್ತಾರೆಯೇ ಎಂದು ಅಲ್ಲಿಯ ಬೇರೆ ಎನ್‌ಪಿಯನ್ನು ಪ್ರತ್ಯೇಕವಾಗಿ ವಿಚಾರಿಸಿ. ಡಾಕ್ಟರು ಕೆಲಸ ಬಿಟ್ಟರೆ ಎಷ್ಟು ದಿನ ಮುಂಚೆ ನಿಮಗೆ ತಿಳಿಸಬೇಕು, ಆ ನಡುವೆ ನಿಮ್ಮ ಸಂಬಳ ನಿಲ್ಲುತ್ತದೆಯೇ, ಎರಡನ್ನೂ ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಮತ್ತು ಬದಲಿ ಡಾಕ್ಟರ ಹೆಸರಿಗೆಂದು ಒಪ್ಪಂದದಲ್ಲಿ ಒಂದು ಖಾಲಿ ಗೆರೆ ಇರುತ್ತದೆ. ಅದರಲ್ಲಿ ಹೆಸರು ಬೀಳುವವರೆಗೆ ನಿಮ್ಮ ಸಹಿ ಹಾಕಬೇಡಿ.